ಆಷಾಢದ ಗಾಳಿಗೆ ನಾನು ಆರಿಸಿಕೊಂಡ ಜೈರೋ

ಬೆಂಗಳೂರಲ್ಲಿ ಆಷಾಢ ಅಂದರೆ ಗಾಳಿಪಟದ ತಿಂಗಳು. ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವ ನನಗೆ ಮಾತ್ರ ಅದು ಕೈ ಕಟ್ಟಿ ಕೂರುವ ತಿಂಗಳಾಗಿತ್ತು. ನನ್ನದು 1.2 ಮೀಟರ್ ರೆಕ್ಕೆಯ ಫೋಮ್ ಟ್ರೈನರ್, ಅಂದರೆ ಕಲಿಯುವವರ ವಿಮಾನ. ಬ್ಯಾಟರಿ ಸೇರಿಸಿದರೂ ಒಂದು ಕೆಜಿ ದಾಟಲ್ಲ. ಪಡುವಣ ಗಾಳಿ ಶುರುವಾದರೆ ಒಣಗಿದ ಎಲೆಯ ಹಾಗೆ ತೂರಾಡುತ್ತಿತ್ತು. ಬೆಳಿಗ್ಗೆ ಏಳರೊಳಗೆ ಎರಡು ಸಲ ಹಾರಿಸಿದರೆ ಅದೇ ಪುಣ್ಯ. ಅದಕ್ಕೇ ಜೈರೋ ಹುಡುಕಲು ಹೊರಟೆ.

ಜೈರೋ ಅಂದರೆ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೂ ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳಿಗೂ ನಡುವೆ ಕೂರುವ ಸಣ್ಣ ಡಬ್ಬಿ. ಒಳಗೆ ಮೊಬೈಲಿನಲ್ಲಿರುವಂಥದೇ ಸೆನ್ಸರ್. ವಿಮಾನ ಯಾವ ಕಡೆಗೆ, ಎಷ್ಟು ಬೇಗ ತಿರುಗುತ್ತಿದೆ ಅಂತ ಅಳೆಯುತ್ತದೆ. ಗಾಳಿ ಒಂದು ರೆಕ್ಕೆಯನ್ನು ಒತ್ತಿದರೆ, ನನ್ನ ಬೆರಳು ಅಲ್ಲಾಡುವ ಮೊದಲೇ ರೆಕ್ಕೆಯ ಹಿಂದಿನ ಪಟ್ಟಿ, ಅಂದರೆ ಏಲರಾನ್, ಎದುರು ಕೆಲಸ ಶುರು ಮಾಡಿರುತ್ತದೆ.

ಮೊದಲು ಕಣ್ಣು ಬಿದ್ದದ್ದು ಜೈರೋವನ್ನು ತಮ್ಮೊಳಗೇ ಇಟ್ಟುಕೊಂಡಿರುವ ರಿಸೀವರುಗಳ ಮೇಲೆ. ಸ್ಪೆಕ್ಟ್ರಮ್ ಕಂಪನಿಯವರ ಎಎಸ್‌ತ್ರೀಎಕ್ಸ್ ಆ ಥರದ್ದು. ವೈರು ಕಡಿಮೆ, ತೂಕ ಕಡಿಮೆ. ಆದರೆ ನನ್ನ ರಿಮೋಟ್ ಫ್ಲೈಸ್ಕೈ ಕಂಪನಿಯದು. ಒಂದರ ರೇಡಿಯೋ ಭಾಷೆ ಇನ್ನೊಂದಕ್ಕೆ ತಿಳಿಯಲ್ಲ. ಜೈರೋಗೋಸ್ಕರ ರಿಮೋಟನ್ನೇ ಬದಲಿಸುವುದು ನನಗೆ ಸರಿ ಅನ್ನಿಸಲಿಲ್ಲ. ಹಾಗಾಗಿ ಬೇರೆ ಡಬ್ಬಿಯ ಜೈರೋ ಅಂತ ತೀರ್ಮಾನ ಮಾಡಿದೆ.

ಮೊದಲು ಕೊಂಡದ್ದು ಅಗ್ಗದ್ದು. ಅದರ ಗೇನ್, ಅಂದರೆ ಜೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದನ್ನು, ಡಬ್ಬಿ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಹೊಂದಿಸಬೇಕಿತ್ತು. ನಿಧಾನವಾಗಿ ಹಾರುವಾಗ ಚೆನ್ನಾಗಿತ್ತು. ಥ್ರಾಟಲ್, ಅಂದರೆ ಮೋಟಾರಿನ ಓಟ, ಏರಿಸಿ ವಿಮಾನವನ್ನು ಸ್ವಲ್ಪ ಕೆಳಗೆ ಇಳಿಸಿದ ಕೂಡಲೇ ರೆಕ್ಕೆಗಳು ಪಟಪಟ ಅಂತ ನಡುಗಿದವು. ಥ್ರಾಟಲ್ ಇಳಿಸಿದೆ, ನಿಂತಿತು. ವೇಗ ಎರಡು ಪಟ್ಟಾದರೆ ಏಲರಾನಿನ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ನಿಧಾನಕ್ಕೆ ಸರಿಯಾದ ಗೇನ್ ವೇಗಕ್ಕೆ ಜಾಸ್ತಿಯಾಯಿತು. ತಿದ್ದಿದ್ದು ಹೆಚ್ಚಾಗಿ, ಅದನ್ನೇ ಮತ್ತೆ ತಿದ್ದಲು ಹೋಗಿ ನಡುಕ. ಇಳಿಸು, ಸ್ಕ್ರೂಡ್ರೈವರ್ ತೆಗಿ, ಮತ್ತೆ ಹಾರಿಸು. ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯಿತು.

ಆಮೇಲೆ ಹುಡುಕುವಾಗ ಎರಡೇ ವಿಷಯ ನೋಡಿದೆ. ಹಾರುತ್ತಿರುವಾಗಲೇ ರಿಮೋಟಿನಿಂದ ಗೇನ್ ಬದಲಿಸಲು ಆಗಬೇಕು. ಮತ್ತೆ, ಒಂದೇ ಸ್ವಿಚ್ಚಿನಲ್ಲಿ ಜೈರೋ ಪೂರ್ತಿ ಆಫ್ ಆಗಬೇಕು. ಅಂಥದ್ದೊಂದು ಸಿಕ್ಕಿತು. ನನ್ನ ರಿಮೋಟಿಗೆ ಆರು ಚಾನೆಲ್, ಅಂದರೆ ಆರು ಬೇರೆ ಬೇರೆ ಆಜ್ಞೆ ಕಳಿಸಬಹುದು. ನಾಲ್ಕು ವಿಮಾನ ನಡೆಸಲು ಬೇಕು. ಉಳಿದ ಎರಡರಲ್ಲಿ ಒಂದನ್ನು ಮೂರು ಸ್ಥಾನದ ಸ್ವಿಚ್ಚಿಗೆ, ಇನ್ನೊಂದನ್ನು ತಿರುಗಿಸುವ ಗುಂಡಿಗೆ ಕೊಟ್ಟೆ. ಸ್ವಿಚ್ಚಿನಲ್ಲಿ ಮೋಡ್, ಅಂದರೆ ಜೈರೋ ಕೆಲಸ ಮಾಡುವ ರೀತಿ; ಗುಂಡಿಯಲ್ಲಿ ಗೇನ್.

ಆಫ್ ಸ್ವಿಚ್ಚಿನ ಬೆಲೆ ಮೊದಲ ದಿನವೇ ಗೊತ್ತಾಯಿತು. ಸ್ಟಿಕ್ ಬಲಕ್ಕೆ ತಳ್ಳಿದರೆ ಏಲರಾನ್ ಸರಿಯಾಗಿ ಆಡುತ್ತಿತ್ತು. ಅಷ್ಟಕ್ಕೇ ಪರೀಕ್ಷೆ ಮುಗಿಯಿತು ಅಂದುಕೊಂಡೆ. ಜೈರೋ ಯಾವ ಕಡೆಗೆ ತಿದ್ದುತ್ತದೆ ಅನ್ನುವುದು ಬೇರೆಯೇ ಸೆಟ್ಟಿಂಗ್, ಅದು ಉಲ್ಟಾ ಇತ್ತು. ಮೇಲೆ ಹೋಗಿ ಸ್ವಿಚ್ ಹಾಕಿದೆ. ವಿಮಾನ ಸ್ವಲ್ಪ ಬಾಗಿತು, ಜೈರೋ ಅದನ್ನು ಇನ್ನಷ್ಟು ಬಾಗಿಸಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚಿಕೊಂಡಿತು. ಬೆರಳು ಸ್ವಿಚ್ಚಿನ ಮೇಲೇ ಇತ್ತು. ಆಫ್ ಮಾಡಿದೆ, ಉಳಿಯಿತು. ಇಳಿಸಿದ ಮೇಲೆ ಕೈ ನಡುಗುತ್ತಿತ್ತು.

ಈಗ ನೆಲದ ಮೇಲೆ ಕೈಯಲ್ಲಿ ಹಿಡಿದೇ ನೋಡುತ್ತೇನೆ. ಬಲ ರೆಕ್ಕೆ ಕೆಳಗೆ ಬಾಗಿಸಿದರೆ ಬಲ ಏಲರಾನ್ ಕೆಳಗೆ ಬರಬೇಕು. ಮೂತಿ ಎತ್ತಿದರೆ ಬಾಲದ ಅಡ್ಡ ಪಟ್ಟಿ, ಅಂದರೆ ಎಲಿವೇಟರ್, ಕೆಳಗೆ. ಮೂತಿ ಎಡಕ್ಕೆ ತಿರುಗಿಸಿದರೆ ಬಾಲದ ನಿಂತ ಪಟ್ಟಿ, ಅಂದರೆ ರಡ್ಡರ್, ಬಲಕ್ಕೆ. ಹೊಸಬರು ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ.

ಮೋಡ್‌ಗಳಲ್ಲಿ ನಾನು ಬಳಸುವುದು ರೇಟ್ ಮೋಡ್ ಮಾತ್ರ. ಗಾಳಿಯ ಹೊಡೆತ ತಗ್ಗಿಸುತ್ತದೆ, ಉಳಿದದ್ದು ನನಗೇ ಬಿಡುತ್ತದೆ. ಹೋಲ್ಡ್ ಮೋಡ್ ಮೂತಿಯನ್ನು ಇದ್ದ ಕೋನದಲ್ಲೇ ಹಿಡಿಯಲು ನೋಡುತ್ತದೆ. ಇಳಿಯುವಾಗ ಥ್ರಾಟಲ್ ಕಡಿಮೆ ಮಾಡಿದರೂ ಮೂತಿ ಬೀಳಲು ಬಿಡಲ್ಲ, ತಾನೇ ಎಲಿವೇಟರ್ ಎತ್ತುತ್ತಾ ಹೋಗುತ್ತದೆ. ವೇಗ ಸತ್ತು ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅದರಲ್ಲಿ ಲ್ಯಾಂಡಿಂಗ್ ಬೇಡವೇ ಬೇಡ.

ಒಬ್ಬ ಹುಡುಗ ಕೇಳಿದ, “ಅಣ್ಣಾ, ತೇಜಸ್ ಯುದ್ಧವಿಮಾನ ತಾನಾಗಿ ಸ್ಥಿರ ಇಲ್ಲವಂತೆ, ಕಂಪ್ಯೂಟರೇ ಹಿಡಿದಿಡುತ್ತಂತೆ. ಹಂಗಾದ್ರೆ ನಮ್ಮದರಲ್ಲಿ ಬಾಲ ಭಾರ ಆದ್ರೂ ಜೈರೋ ನೋಡ್ಕೊಳ್ಳಲ್ವಾ?” ಒಳ್ಳೆಯ ಪ್ರಶ್ನೆ. 2001ರ ಜನವರಿ 4ರಂದು ನಮ್ಮ ಎಚ್‌ಎಎಲ್ ವಿಮಾನ ನಿಲ್ದಾಣದಿಂದಲೇ ಮೊದಲು ಹಾರಿದ ತೇಜಸ್‌ನಲ್ಲಿ ಆ ಕೆಲಸಕ್ಕೆ ನಾಲ್ಕು ಪಟ್ಟು ವ್ಯವಸ್ಥೆ ಇದೆ, ಒಂದು ಕೈ ಕೊಟ್ಟರೆ ಇನ್ನೊಂದು. ನಮ್ಮದು ಒಂದೇ ಡಬ್ಬಿ, ಒಂಬತ್ತು ಗ್ರಾಮಿನ ಸರ್ವೋ. ವಿಮಾನ ಸಮತೂಗುವ ತೂಕದ ಬಿಂದು ಮೊದಲು ಸರಿ ಮಾಡು, ಜೈರೋ ಆಮೇಲೆ, ಅಂದೆ.

ಸರ್ವೋ ವಿಷಯವೂ ಇದೆ. ಜೈರೋ ಇದ್ದರೆ ಅವು ಒಂದು ಕ್ಷಣ ಸುಮ್ನೆ ಇರಲ್ಲ. ನನ್ನ ಹಳೆಯ ಸರ್ವೋಗಳ ಗೇರು ಸವೆದು ಸಡಿಲವಾಗಿತ್ತು. ಏಲರಾನಿನ ಎರಡನ್ನೂ ಬದಲಿಸಿದ ಮೇಲೆ ಗೇನ್ ಇನ್ನೂ ಏರಿಸಲು ಆಯಿತು. ಡಬ್ಬಿಯನ್ನು ಫೋಮ್ ಡಬಲ್ ಟೇಪಿನಲ್ಲಿ ವಿಮಾನಕ್ಕೆ ನೇರವಾಗಿ ಅಂಟಿಸಿದ್ದೇನೆ. ಬ್ಯಾಟರಿ ಹಾಕಿದ ಕೂಡಲೇ ಅದು ಅಲ್ಲಾಡಬಾರದು, ಅದಕ್ಕೇ ಕಾರಿನ ಮರೆಯಲ್ಲಿ ಇಟ್ಟು ಆನ್ ಮಾಡುತ್ತೇನೆ.

ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ವಿಮಾನ ನೆಲೆಗಳೇ ಇರುವ ಊರು ನಮ್ಮದು. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಲ್ಲೂ ಹಾರಿಸಲ್ಲ. ನಗರ ಬಿಟ್ಟು ದೂರ, ರಾಗಿ ಹೊಲಗಳ ಕಡೆಗೇ ಹೋಗುತ್ತೇನೆ.

ಕಳೆದ ಆಷಾಢದಲ್ಲಿ ಒಂಬತ್ತು ಗಂಟೆಯ ಗಾಳಿಯಲ್ಲೂ ಹಾರಿಸಿದೆ. ಗುಂಡಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಆದರೂ ದಿನದ ಮೊದಲ ಹಾರಾಟದಲ್ಲಿ ಜೈರೋ ಆಫ್ ಇರುತ್ತದೆ. ಟ್ರಿಮ್, ಅಂದರೆ ಸ್ಟಿಕ್ ಮುಟ್ಟದೆ ನೇರ ಹಾರುವಂತೆ ಮಾಡಿದ ಹೊಂದಿಕೆ, ಜಾರಿದ್ದರೆ, ಪಟ್ಟಿಯ ಹಿಂಜ್ ಸಡಿಲವಾಗಿದ್ದರೆ ಜೈರೋ ಅದನ್ನು ಮುಚ್ಚಿಬಿಡುತ್ತದೆ. ಒಂದು ಸುತ್ತು ಹಾಗೇ ಹಾರಿಸಿ, ಟ್ರಿಮ್ ಸರಿ ಇದೆ ಅಂತ ಗೊತ್ತಾದ ಮೇಲೆ ಸ್ವಿಚ್ ಹಾಕುತ್ತೇನೆ.