ಅಲಾರ್ಮ್ ವೈರ್‌ನ ಗೋಡೆಗೆ ಯಾವುದ್ರಲ್ಲಿ ಹಿಡಿಸ್ತೀನಿ: ತೋಟದ ಮನೆಗಳಲ್ಲಿ ನನ್ನ ಅನುಭವ

ಚಿಕ್ಕಮಗಳೂರಲ್ಲಿ ಅಲಾರ್ಮ್, ಕ್ಯಾಮೆರಾ ಕೆಲಸ ಮಾಡ್ತೀನಿ, ಹೆಚ್ಚಾಗಿ ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆ ತೋಟದ ಮನೆಗಳು. ಕಾಫಿ, ಮೆಣಸಿಗೆ ರೇಟ್ ಬಂದ್ಮೇಲೆ ಗೋಡೌನಿಗೆ ಅಲಾರ್ಮ್ ಹಾಕಿಸೋರು ಜಾಸ್ತಿ ಆಗಿದಾರೆ. ಯಾವ ಪ್ಯಾನೆಲ್ಲು, ಯಾವ ಸೆನ್ಸರ್ರು, ಮೊಬೈಲಿಗೆ ಮೆಸೇಜ್ ಬರುತ್ತಾ ಅಂತ ಎಲ್ರೂ ಕೇಳ್ತಾರೆ, ವೈರ್‌ನ ಗೋಡೆಗೆ ಯಾವುದ್ರಲ್ಲಿ ಹಿಡಿಸ್ತೀಯಪ್ಪ ಅಂತ ಇವತ್ತಿನವರೆಗೆ ಒಬ್ರೂ ಕೇಳಿಲ್ಲ. ಆದ್ರೆ ರಿಪೇರಿಗೆ ಅಂತ ಹೋದ ಕಡೆಯೆಲ್ಲ ಪ್ಯಾನೆಲ್ ಚೆನ್ನಾಗೇ ಇರುತ್ತೆ, ತೊಂದರೆ ಇರೋದು ವೈರಲ್ಲಿ, ಅದೂ ಹಿಡಿಸಿದ ಜಾಗದಲ್ಲೇ.

ಇದು ನನಗೆ ಗೊತ್ತಾಗಿದ್ದು ನಾನೇ ಮಾಡಿದ ತಪ್ಪಿಂದ. ಮೂಡಿಗೆರೆ ಹತ್ರ ಒಂದು ಹಳೇ ಹಂಚಿನ ಮನೆ, ದೊಡ್ಡ ತೊಟ್ಟಿ ಮನೆ, ಬೇಸಿಗೇಲಿ ಕೆಲಸ ತಗೊಂಡಿದ್ದೆ. ಮರ ಜಾಸ್ತಿ ಇದೆಯಲ್ಲ ಅಂತ ಸ್ಟೇಪ್ಲರ್ ಗನ್ ತಗೊಂಡು ಟಕ ಟಕ ಅಂತ ಹೊಡ್ಕೊಂಡು ಹೋದೆ, ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗೀತು, ಟೆಸ್ಟಲ್ಲೂ ಎಲ್ಲ ಝೋನ್ (ಪ್ಯಾನೆಲಿಗೆ ಬರೋ ಒಂದೊಂದು ಸೆನ್ಸರ್ ಲೈನು) ಸರಿ ತೋರಿಸ್ತು. ಜುಲೈ ತಿಂಗಳು, ಜಡಿ ಮಳೆ ಹಿಡಿದಿತ್ತು, ರಾತ್ರಿ ಎರಡು ಗಂಟೆಗೆ ಹೂಟರ್, ಅಂದ್ರೆ ಅಲಾರ್ಮಿನ ಸೈರನ್ನು, ಕೂಗೋಕೆ ಶುರು. ಮಾರನೇ ದಿನ ರಾತ್ರಿ ಮತ್ತೆ. ಆ ಮನೇಲಿ ವಯಸ್ಸಾದ ಅಮ್ಮ ಮತ್ತೆ ಒಬ್ಬ ಕೆಲಸದವಳು ಅಷ್ಟೇ ಇದ್ದಿದ್ದು. ನಾನು ಹೋದಾಗ ಅಮ್ಮ ಬೈಲಿಲ್ಲ, ಕಾಫಿ ಕೊಟ್ಟು, 'ಕಳ್ಳ ಬಂದ್ರೆ ಕೂಗ್ಲಿ ಅಂತ ಹಾಕ್ಸಿದ್ದಲ್ವೇನಪ್ಪ, ಮಳೆ ಬಂದ್ರೂ ಕೂಗುತ್ತಲ್ಲ ಇದು' ಅಂದ್ರು. ಎರಡು ರಾತ್ರಿ ಅವ್ರು ನಿದ್ದೆ ಮಾಡಿರಲಿಲ್ಲ, ನನಗೆ ತಲೆ ಎತ್ತಿ ಮಾತಾಡೋಕೆ ಆಗ್ಲಿಲ್ಲ.

ಆ ಝೋನ್ ವೈರ್‌ನ ಪ್ಯಾನೆಲಿಂದ ಬಿಚ್ಚಿ ಮೀಟರ್ ಇಟ್ಟೆ, ಓಮ್ (ವೈರಲ್ಲಿ ಕರೆಂಟಿಗೆ ಇರೋ ಅಡ್ಡಿಯ ಅಳತೆ) ಒಂದು ಕಡೆ ನಿಲ್ತಾನೇ ಇಲ್ಲ. ಅರ್ಧಕ್ಕೆ ಕಟ್ ಮಾಡಿ ನೋಡಿದೆ, ಮತ್ತೆ ಅದ್ರಲ್ಲಿ ಅರ್ಧ, ಹಿಂಗೆ ಮಾಡ್ತಾ ಮಾಡ್ತಾ ಕೊನೆಗೆ ಒಂದು ಜಂತೆ ಹತ್ರ ಸಿಕ್ತು. ಚಪ್ಪಟೆ ಪಿನ್ನು ಸ್ವಲ್ಪ ಓರೆ ಹೋಗಿ ಅದರ ಕಾಲು ವೈರಿನ ಸಿಪ್ಪೆ ಒಳಗೆ ಇಳಿದಿತ್ತು. ಬೇಸಿಗೇಲಿ ಏನೂ ಆಗಿಲ್ಲ, ಮಳೇಲಿ ಮರ ಥಂಡಿ ಎಳ್ಕೊಂಡು, ಪಿನ್ನಿಗೆ ತುಕ್ಕು ಬಂದು, ಎರಡು ವೈರಿನ ಮಧ್ಯೆ ಲೀಕೇಜ್ ಶುರುವಾಗಿದೆ, ಲೈನ್ ಸರಿ ಇದೆಯಾ ಅಂತ ಪ್ಯಾನೆಲ್ ನೋಡ್ಕೊಳ್ಳೋಕೆ ಅಂತ ಕೊನೇಲಿ ಹಾಕಿರೋ ರೆಸಿಸ್ಟರ್ ಲೆಕ್ಕ ತಪ್ಪಿದ ಕೂಡ್ಲೆ ಪ್ಯಾನೆಲ್ ಯಾರೋ ವೈರ್ ಮುಟ್ಟಿದಾರೆ ಅಂತ ತಿಳ್ಕೊಂಡು ಕೂಗಿದೆ. ಅದು ಅದರ ಕೆಲಸ ಸರಿಯಾಗೇ ಮಾಡಿತ್ತು.

ಅಟ್ಟದ ಮೇಲೆ ಕೂತು ಇದನ್ನ ಹುಡುಕ್ತಾ ಇರಬೇಕಾದ್ರೆ ಪಕ್ಕದಲ್ಲೇ ಹಳೇ ಕಾಲದ ಪಟ್ಟಿ ವೈರಿಂಗ್ ಕಣ್ಣಿಗೆ ಬಿತ್ತು. ಮರದ ರೀಪರ್ ಪಟ್ಟಿ, ಅದರ ಮೇಲೆ ಸಾಲಾಗಿ ತೆಳು ತಗಡಿನ ಲಿಂಕ್ ಕ್ಲಿಪ್. ಅದ್ರಲ್ಲಿ ಕರೆಂಟ್ ನಿಲ್ಸಿ ಎಷ್ಟೋ ವರ್ಷ ಆಗಿದೆ, ಕ್ಲಿಪ್ ಒಂದೂ ಬಿದ್ದಿಲ್ಲ. ಲಿಂಕ್ ಕ್ಲಿಪ್ಪಲ್ಲಿ ಮೊದಲು ಖಾಲಿ ಕ್ಲಿಪ್‌ನ ಸಣ್ಣ ಪಿನ್ನಲ್ಲಿ ಮರಕ್ಕೆ ಹೊಡೀತಾರೆ, ಆಮೇಲೆ ಅದರ ಮೇಲೆ ವೈರ್ ಇಟ್ಟು ನಾಲಿಗೆ ಸುತ್ತಿ ಮಡಚ್ತಾರೆ. ಸುತ್ತಿಗೆ ವೈರ್ ಹತ್ರ ಬರೋದೇ ಇಲ್ಲ. ಅವತ್ತಿಂದ ನಾನು ಯಾವ ಗೋಡೆ ನೋಡಿದ್ರೂ ಮೊದಲು ಯೋಚ್ನೆ ಮಾಡೋದು ಇಷ್ಟೇ, ಹಿಡಿಸೋ ಕೆಲಸ ಮುಗಿದ್ಮೇಲೆ ವೈರ್ ಇಡೋಕಾಗುತ್ತಾ, ಅಥವಾ ವೈರ್ ಮೇಲೇ ಹೊಡೀಬೇಕಾ. ಆ ಮನೆ ಪೂರ್ತಿ ಪಿನ್ ಕಿತ್ತು ಲಿಂಕ್ ಕ್ಲಿಪ್ಪಲ್ಲಿ ಮತ್ತೆ ಎಳೆದೆ, ದುಡ್ಡು ತಗೊಳ್ಳಲಿಲ್ಲ.

ಸಿಮೆಂಟ್ ಗಾರೆ ಗೋಡೆಗೆ ಮೊಳೆ ಕ್ಲಿಪ್ ಸಾಕು, ಆದ್ರೆ ಸೈಜ್ ನೋಡಿ ತಗೋಬೇಕು. 4 ಕೋರ್ (ಒಳಗೆ ನಾಲ್ಕು ಸಣ್ಣ ವೈರ್ ಇರೋ) ಅಲಾರ್ಮ್ ವೈರ್ ಹೆಚ್ಚುಕಮ್ಮಿ 4 ಎಂಎಂ ದಪ್ಪ ಇರುತ್ತೆ, ಅದಕ್ಕೆ 3ರ ಕ್ಲಿಪ್ ಹಾಕಿದ್ರೆ ಹಿಸುಕುತ್ತೆ, 7ರದ್ದು ಹಾಕಿದ್ರೆ ವೈರ್ ಜೋತು ಬೀಳುತ್ತೆ. ನೇರ ಇದ್ದ ಕಡೆ ಒಂದಡಿಗೆ ಒಂದು, ಮೂಲೆ ತಿರುಗೋ ಕಡೆ ಎರಡೂ ಬದಿಗೆ ಎರಡೆರಡು ಇಂಚಲ್ಲಿ ಒಂದೊಂದು.

ಮಣ್ಣಿನ ಗೋಡೆ ಬೇರೆನೇ ಕಥೆ. ಮೊಳೆ ನಿಲ್ಲಲ್ಲ, 6 ಎಂಎಂ ಡ್ರಿಲ್ ಬಿಟ್ಟಲ್ಲಿ ತೂತು ಹಾಕಿ ರಾಲ್ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತಿಗೆ ಹಾಕೋ ಪ್ಲಾಸ್ಟಿಕ್ ಬೆಣೆ) ಹಾಕಿದ್ರೆ ಸ್ಕ್ರೂ ಜೊತೆ ಅದೂ ತಿರುಗುತ್ತೆ, ಜೋರು ಮಾಡಿದ್ರೆ ಅಂಗೈಯಗಲ ಗಾರೆ ಉದುರಿ ಮನೆಯವರ ಮುಖ ಸಪ್ಪಗಾಗುತ್ತೆ. ಅಂಥ ಕಡೆ ನಾನು ಗೋಡೇನೇ ಬಿಟ್ಬಿಡ್ತೀನಿ, ಬಾಗಿಲ ಚೌಕಟ್ಟು, ತೊಲೆ, ಜಂತೆ ಅಂತ ಮರ ಹಿಡ್ಕೊಂಡೇ ಸುತ್ತಿ ಹೋಗ್ತೀನಿ. ವೈರ್ 15 ಮೀಟರ್ ಜಾಸ್ತಿ ಆಗ್ಬೋದು, ಆಗ್ಲಿ. 0.22 ಸ್ಕ್ವೇರ್ ಎಂಎಂ ತಾಮ್ರದ ಒಂದು ಕೋರಿಗೆ 100 ಮೀಟರ್‌ಗೆ ಸುಮಾರು 8 ಓಮ್ ಅಷ್ಟೇ, ಸೆನ್ಸರ್ರಿಗೆ ಅದು ಲೆಕ್ಕಕ್ಕೇ ಇಲ್ಲ.

ಅಂಟು ನಂಬಬೇಡಿ, ನಮ್ಮೂರಲ್ಲಂತೂ ಬೇಡ. ಸುಣ್ಣದ ಗೋಡೆ ಮೇಲೆ ಡಬಲ್ ಸೈಡ್ ಟೇಪ್ ಇರೋ ಕೇಸಿಂಗ್ ಪಟ್ಟಿ (ವೈರ್ ಒಳಗಿಟ್ಟು ಮುಚ್ಚೋ ಪ್ಲಾಸ್ಟಿಕ್ ಪಟ್ಟಿ) ಅಂಟಿಸಿದ್ರೆ ಆಗಸ್ಟ್ ಹೊತ್ತಿಗೆ ಸುಣ್ಣ ಸಮೇತ ಕೆಳಗೆ ಬಂದಿರುತ್ತೆ. ಗ್ಲೂ ಗನ್ ಒಣ ಟೈಲ್ಸ್ ಮೇಲೆ ಪರ್ವಾಗಿಲ್ಲ. ಪಟ್ಟಿ ಚೆನ್ನಾಗಿ ಕಾಣುತ್ತೆ ಅಂತ ಮನೆಯವರು ಕೇಳಿದ್ರೆ ಹಾಕ್ತೀನಿ, ಆದ್ರೆ ಸ್ಕ್ರೂ ಹೊಡೆದೇ.

ಗೋಡೌನಲ್ಲಿ ಬರೀ ವೈರ್ ಬಿಡೋದೇ ಇಲ್ಲ. ಇಲಿ ಒಂದು, 50 ಕೆಜಿ ಮೂಟೆ ಎಸೆದಾಗ ಗೋಡೆಗೆ ಉಜ್ಜೋದು ಇನ್ನೊಂದು. ನೆಲದಿಂದ ನಾಲ್ಕಡಿವರೆಗೆ ಜಿಐ (ಸತು ಲೇಪದ ಕಬ್ಬಿಣದ) ಪೈಪು, ಮೇಲೆ ಪಿವಿಸಿ ಪೈಪು, ಪೈಪ್ ಹಿಡಿಯೋ ಸ್ಯಾಡಲ್ ಪಟ್ಟಿ ಹಾಕಿ, ಪೈಪಿನ ಬಾಯಿ ಎಲ್ಲೂ ತೆರೆದಿರಬಾರದು. ಪೈಪ್ ಹೆಂಗೂ ಇದೆಯಲ್ಲ ಅಂತ ಲೈಟಿನ 230 ವೋಲ್ಟ್ ವೈರ್ ಹೋಗಿರೋ ಪೈಪಲ್ಲೇ ಇದನ್ನೂ ತೂರಿಸಿರೋದನ್ನ ಎಷ್ಟೋ ಕಡೆ ನೋಡಿದೀನಿ, ದಯವಿಟ್ಟು ಮಾಡಬೇಡಿ, ಒಳಗೆ ಎಲ್ಲಾದ್ರೂ ಸಿಪ್ಪೆ ಹೋಗಿದ್ರೆ ಕೀಪ್ಯಾಡ್ ಒತ್ತೋರ ಕೈಗೆ ಮೇನ್ ಕರೆಂಟ್ ಬರುತ್ತೆ. ನಾನು ಒಂದಡಿ ದೂರ ಇಡ್ತೀನಿ, ದಾಟಲೇಬೇಕು ಅಂದ್ರೆ ಅಡ್ಡಡ್ಡ ನೇರ ದಾಟಿಸ್ತೀನಿ.

ಹೋಂಸ್ಟೇಗಳಲ್ಲಿ ಹೊಗೆ ಸೆನ್ಸರ್ ಹಾಕೋವಾಗ ಪ್ಲಾಸ್ಟಿಕ್ ಕ್ಲಿಪ್ ಮುಟ್ಟೋದಿಲ್ಲ, ತಾಮ್ರದ್ದೋ ಸ್ಟೀಲಿಂದೋ ಕ್ಲಿಪ್ಪೇ. 2010ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಲ್ಲಿ ಶರ್ಲಿ ಟವರ್ಸ್ ಅನ್ನೋ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಪ್ಲಾಸ್ಟಿಕ್ ಪಟ್ಟಿ ಕರಗಿ ಮೇಲಿಂದ ವೈರ್‌ಗಳು ಜೋತು ಬಿದ್ದು ಫೈರ್‌ನವರಿಗೆ ಸಿಕ್ಕಾಕೊಂಡ್ವು, ಅಲ್ಲಿ ಇಬ್ಬರು ಫೈರ್‌ಮನ್‌ಗಳು ತೀರ್ಕೊಂಡ್ರು. ಬ್ರಿಟನ್ನಿನ ವೈರಿಂಗ್ ರೂಲ್ಸಲ್ಲಿ 2018ರಿಂದ ಕಟ್ಟಡದ ಯಾವ ಮೂಲೇಲೇ ಆಗ್ಲಿ, ಬೆಂಕೀಲಿ ಬೇಗ ಬೀಳದ ಹಂಗೆ ವೈರ್ ಹಿಡಿಸಬೇಕು ಅಂತಿದೆ. ಇದನ್ನ ಓದಿದ್ಮೇಲೆ ಒಂದು ಪ್ಯಾಕೆಟ್ಟಿಗೆ ನೂರಿನ್ನೂರು ಜಾಸ್ತಿ ಹೋದ್ರೂ ನನಗೆ ಯೋಚ್ನೆ ಇಲ್ಲ, ಓನರ್ ಒಪ್ಪದೇ ಇದ್ರೆ ನನ್ನ ಕೈಯಿಂದ ಹಾಕ್ತೀನಿ.

ಹೊರಗಡೆ ಹೂಟರಿಗೆ ಹೋಗೋ ವೈರ್ ಪೈಪಿಗೆ ಕಟ್ಟೋದಿದ್ರೆ ಕಪ್ಪು ಪ್ಲಾಸ್ಟಿಕ್ ಕೇಬಲ್ ಟೈ ಮಾತ್ರ, ಬಿಳೀದು ಬಿಸಿಲಿಗೆ ಕಡ್ಡಿ ಥರ ಮುರೀತದೆ. ಡಬ್ಬಿ ಒಳಗೆ ಹೋಗೋ ಮುಂಚೆ ವೈರ್‌ನ ಒಂದು ಗೇಣು ಕೆಳಗೆ ಇಳಿಸಿ, ಬಗ್ಗಿಸಿ ಮತ್ತೆ ಮೇಲೆ ತಗೊಂಡು ಹೋಗಿ, ಆಗ ಮಳೆ ನೀರು ಆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಹೋಗಲ್ಲ. ಈಗ ಪ್ರತೀ ವರ್ಷ ಮೇ ಕೊನೇಲಿ ಹಳೇ ಕೆಲಸಗಳನ್ನೆಲ್ಲ ಒಂದು ಸುತ್ತು ನೋಡ್ಕೊಂಡು ಬರ್ತೀನಿ, ಮೊದಲು ಹೋಗೋದು ಆ ಅಮ್ಮನ ಮನೆಗೇ.