ಕ್ರಾಪ್ ಮಾಡಿದ ಮಿಂಚುಳ್ಳಿ ಮತ್ತು ಫುಲ್ ಫ್ರೇಮ್ ನಂಬಿಕೆ: ನನ್ನ ಅನುಭವ

ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾ, ತಗೊಂಡರೆ ನಾಯ್ಸ್ (ಮಬ್ಬು ಬೆಳಕಿನ ಫೋಟೋದಲ್ಲಿ ಕಾಣುವ ಮರಳಿನಂಥ ಚುಕ್ಕೆಗಳು) ಕಾಟ ಮುಗೀತು ಅಂತ ನನಗೆ ಹೇಳದವರೇ ಇಲ್ಲ. ನಾಲ್ಕು ವರ್ಷ ಕೇಳಿದೆ. ಒಮ್ಮೆ ನಂಬಿ ದುಡ್ಡನ್ನೂ ಸುರಿದೆ. ಈಗ ನನ್ನ ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಬಾಡಿಯಲ್ಲೇ ಐಎಸ್‌ಒ 3200ರಲ್ಲಿ (ಬೆಳಕು ಕಡಿಮೆಯಿದ್ದಾಗ ಏರಿಸುವ ಅಂಕಿ) ತೆಗೆದು, ಅರ್ಧದಷ್ಟು ಕ್ರಾಪ್ ಮಾಡಿದ ಮಿಂಚುಳ್ಳಿ ಎರಡಡಿ ಅಗಲದ ಪ್ರಿಂಟ್ ಆಗಿ ಗೋಡೆ ಮೇಲಿದೆ. ನೋಡಿದವರು ಮೊದಲು ಕೇಳುವುದೇ "ಯಾವ ಫುಲ್ ಫ್ರೇಮ್?" ಅಂತ. ನನ್ನನ್ನು ತಿದ್ದಲು ಬಂದಿದ್ದ ಇಬ್ಬರೂ ಹಾಗೇ ಕೇಳಿದರು. ಆ ದಿನವೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ500 (ಆ ಎಪಿಎಸ್-ಸಿ ಬಾಡಿ), 200-500 ಎಂಎಂ ಎಫ್/5.6 ಮತ್ತು ಒಂದು 300 ಎಂಎಂ ಎಫ್/4 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು). ಆ 300 ಮಾರಿ, ಮೇಲೆ ಒಂದೂವರೆ ವರ್ಷ ಕೂಡಿಟ್ಟದ್ದನ್ನೂ ಸೇರಿಸಿ, 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಬಾಡಿ ತಂದೆ. ಮೊದಲ ವಾರ ಖುಷಿಯೋ ಖುಷಿ. ಸ್ಕ್ರೀನ್ ಮೇಲೆ 100 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿದರೆ ಎಷ್ಟು ಕ್ಲೀನ್! ಆಮೇಲೆ ಹಳೆಯ ಫೋಟೋ ಪಕ್ಕ ಇಟ್ಟು ನೋಡಿದೆ. ಅದೇ ಲೆನ್ಸ್ ಫುಲ್ ಫ್ರೇಮ್‌ನಲ್ಲಿ ಹೆಚ್ಚು ಜಾಗ ತೋರಿಸುವುದರಿಂದ ಹಕ್ಕಿ ಚಿಕ್ಕದಾಗಿತ್ತು. ಡಿ500ರ ಫ್ರೇಮ್‌ನಷ್ಟಕ್ಕೆ ಕ್ರಾಪ್ ಮಾಡಿದರೆ ಉಳಿದದ್ದು ಹತ್ತು ಹನ್ನೊಂದು ಮೆಗಾಪಿಕ್ಸೆಲ್. ಹಕ್ಕಿಯನ್ನು ಅದೇ ಗಾತ್ರಕ್ಕೆ ತಂದಾಗ ನಾಯ್ಸ್ ಮೊದಲಿನಷ್ಟೇ ಕಾಣಿಸಿತು, ಗರಿಯ ಎಳೆಗಳು ಮಾತ್ರ ಮಾಯ. ಎಂಟು ತಿಂಗಳು ಬಿಟ್ಟು ಮಾರಿದಾಗ ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಕೈಬಿಟ್ಟಿತ್ತು. ಹೋದ 300 ಲೆನ್ಸ್ ಬಗ್ಗೆ ಈಗಲೂ ಬೇಜಾರಿದೆ.

ನನ್ನ ಕೈ ಸರಿಯಿಲ್ಲ ಅಂದರು. ಸರಿ, ಅಳೆದೇ ನೋಡೋಣ ಅಂತ ನಿಕಾನ್‌ನದೇ ಫುಲ್ ಫ್ರೇಮ್ ಡಿ850 ಒಂದನ್ನು ಎರವಲು ತಂದೆ. ಅದನ್ನೇ ಯಾಕೆ ಅಂದರೆ, ಡಿ500 ಬಂದದ್ದು 2016ರಲ್ಲಿ, ಡಿ850 2017ರಲ್ಲಿ. ಪಿಕ್ಸೆಲ್ ಗಾತ್ರವೂ ಹೆಚ್ಚು ಕಡಿಮೆ ಒಂದೇ, 4.2 ಮತ್ತು 4.3 ಮೈಕ್ರಾನ್ ಆಸುಪಾಸು. ಬೇರೆ ಇರುವುದು ಸೆನ್ಸರ್ ಅಗಲ. ಹೋಲಿಸಲು ಇದಕ್ಕಿಂತ ಒಳ್ಳೇ ಜೋಡಿ ನನಗೆ ಸಿಕ್ಕಿಲ್ಲ.

ಕಂದು ಬಣ್ಣ ಬಳಿದ ಮರದ ಹಕ್ಕಿ, ಪಕ್ಕದಲ್ಲಿ ಒಂದು ಗ್ರೇ ಕಾರ್ಡ್ (ಒಂದೇ ಸಮನೆ ಬೂದು ಬಣ್ಣದ ಹಾಳೆ). ದೂರ 15 ಮೀಟರ್. ಎರಡು ಬಾಡಿಗೂ ಅದೇ 200-500, 500ರ ತುದಿಯಲ್ಲಿ, ಎಫ್/5.6, ಶಟರ್ 1/500 ಸೆಕೆಂಡ್. ಮೊದಲ ಸಲ ಒಂದು ಬಾಡಿಯಲ್ಲಿ ಆಟೋ ಐಎಸ್‌ಒ ಆನ್ ಇತ್ತು, ಇಡೀ ಸಂಜೆ ದಂಡ. ಎರಡನೇ ಸಲ ಬಾಡಿ ಬದಲಿಸುವಷ್ಟರಲ್ಲಿ ಮೋಡ ಸರಿಯಿತು. ಮೂರನೇ ಸಲ ಮನೆಯೊಳಗೆ ಎಲ್ಇಡಿ ದೀಪದಲ್ಲಿ ಮಾಡಿದೆ. ದೀಪ ಮಿಣಕುತ್ತದೆ ಅನ್ನುವುದೇ ಹೊಳೆಯಲಿಲ್ಲ, ಒಂದು ಫ್ರೇಮ್ ಇದ್ದಂತೆ ಇನ್ನೊಂದಿಲ್ಲ. ನಾಲ್ಕನೇ ಸಲ ದಟ್ಟ ಮೋಡದ ಮಧ್ಯಾಹ್ನ ಹಿಡಿದು, ಇದರಲ್ಲಿ ಹತ್ತು, ಅದರಲ್ಲಿ ಹತ್ತು, ಮತ್ತೆ ಇದರಲ್ಲಿ ಹತ್ತು ಅಂತ ತೆಗೆದೆ. ಆಗ ಅಂಕಿಗಳು ನಿಂತವು.

ರಾ ಫೈಲ್‌ಗಳ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ನಾಯ್ಸ್ ರಿಡಕ್ಷನ್ ಪೂರ್ತಿ ತೆಗೆದು, ಹಕ್ಕಿ ಒಂದೇ ಗಾತ್ರಕ್ಕೆ ಬರುವಂತೆ ಕ್ರಾಪ್ ಮಾಡಿ, ಗ್ರೇ ಕಾರ್ಡ್ ಮೇಲೆ ನಾಯ್ಸ್ ಅಳೆದೆ. ನೆನಪಿನಿಂದ ಹೇಳುತ್ತಿದ್ದೇನೆ, ಒಂದರಲ್ಲಿ 11 ಬಂದರೆ ಇನ್ನೊಂದರಲ್ಲಿ ಹನ್ನೊಂದೂವರೆ. ಮುಂದಿನ ಸುತ್ತಿನಲ್ಲಿ ಅದಲು ಬದಲು. ಹತ್ತು ಪರ್ಸೆಂಟ್ ವ್ಯತ್ಯಾಸವೂ ಇಲ್ಲ. ಇರಬೇಕಾದದ್ದೂ ಹಾಗೇ ಅಲ್ವಾ? ಅದೇ ಲೆನ್ಸ್, ಅದೇ ದೂರ, ಅದೇ ಶಟರ್ ಇದ್ದಾಗ ಹಕ್ಕಿಯಿಂದ ಬರುವ ಬೆಳಕು ಎರಡಕ್ಕೂ ಒಂದೇ. ಫುಲ್ ಫ್ರೇಮ್‌ಗೆ ಸಿಗುವ ಎರಡೂ ಕಾಲು ಪಟ್ಟು ಜಾಗದ ಬೆಳಕು ಹಕ್ಕಿ ಸುತ್ತಲಿನ ಎಲೆ, ಆಕಾಶದ ಮೇಲೆ ಹೋಗುತ್ತದೆ. ಕ್ರಾಪ್ ಮಾಡುವಾಗ ಅದನ್ನೇ ನಾವು ಎಸೆಯುತ್ತೇವೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಹಕ್ಕಿ ಫ್ರೇಮ್ ತುಂಬುವಷ್ಟು ಹತ್ತಿರ ಹೋಗಲು ಆಗುವವರಿಗೆ ಫುಲ್ ಫ್ರೇಮ್ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಸ್ವಲ್ಪ ಜಾಸ್ತಿಯೇ ಲಾಭ ಕೊಡುತ್ತದೆ. ಹಾರುವ ಹಕ್ಕಿಯನ್ನು ಫ್ರೇಮ್‌ನೊಳಗೆ ಇಟ್ಟುಕೊಳ್ಳುವುದೂ ಅದರಲ್ಲಿ ಸುಲಭ. ಡಿ850 ಹಿಂದಿರುಗಿಸುವಾಗ ಅದೊಂದಕ್ಕೆ ಮನಸ್ಸು ಬರಲಿಲ್ಲ. ಆದರೆ ನನ್ನ ಹಕ್ಕಿಗಳು ಯಾವಾಗಲೂ ದೂರ. ನನ್ನ ಫೋಟೋಗಳಲ್ಲಿ ಹತ್ತಕ್ಕೆ ಒಂಬತ್ತು ಕ್ರಾಪ್ ಆಗುವಂಥವೇ.

ಹಾಗಾಗಿ ಫುಲ್ ಫ್ರೇಮ್ ಮಾರಿ ಬಂದ ದುಡ್ಡಿಗೆ 200-500 ಮಾರಿದ್ದನ್ನೂ ಸೇರಿಸಿ, ಇನ್ನೊಂದಿಷ್ಟು ಸಾಲ ಮಾಡಿ, ಸೆಕೆಂಡ್ ಹ್ಯಾಂಡ್ 500 ಎಫ್/4 ತಂದೆ. ಬಾಡಿಯ ಬೆಲೆಯ ಮೂರು ಪಟ್ಟು ಬಿತ್ತು. ಹುಚ್ಚು ಅಂದರು. 500 ಎಫ್/5.6ರ ಬೆಳಕಿನ ಬಾಯಿ 89 ಮಿಲಿಮೀಟರ್, ಎಫ್/4ದು 125. ಬೆಳಕು ಸುಮಾರು ಎರಡರಷ್ಟು, ಅದೂ ಹಕ್ಕಿಯ ಮೇಲೆಯೇ. ನಾಲ್ಕು ಕೆಜಿ ಹತ್ತಿರದ ಭಾರ. ಮೊದಲ ತಿಂಗಳು ಭುಜ ಹಿಡಿದುಕೊಂಡಿತ್ತು.

ಉಳಿದದ್ದು ಪುಕ್ಕಟೆ. 20 ಮೀಟರ್‌ನಿಂದ ತೆಗೆಯುತ್ತಿದ್ದವನು ಮರೆ ಕಟ್ಟಿ 14ಕ್ಕೆ ಬಂದೆ. ಆರು ಮೀಟರ್ ಅಷ್ಟೇ. ಆದರೆ ಸೆನ್ಸರ್ ಮೇಲೆ ಹಕ್ಕಿಯ ಜಾಗ ಎರಡು ಪಟ್ಟು ಆಗುತ್ತದೆ, ಅಂದರೆ ಇನ್ನೊಂದು ಸ್ಟಾಪ್. ಇದಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲ ಮೂರು ಮರೆಗಳನ್ನು ಕಂಡ ಮಿಂಚುಳ್ಳಿ ಕೊಂಬೆಯನ್ನೇ ಬಿಟ್ಟಿತು. ನಾಲ್ಕನೆಯದು ಯಾಕೆ ಗೆದ್ದಿತು ಅನ್ನುವುದು ನನ್ನ ಹತ್ತಿರವೇ ಇರಲಿ. ಬಟ್ಟೆಯ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಮಾತ್ರ ಹೇಳಬಲ್ಲೆ.

ಕೂತ ಹಕ್ಕಿಗೆ ಸುಮ್ನೆ 1/1000 ಇಡುತ್ತಿದ್ದೆ. ಅದನ್ನು 1/500ಕ್ಕೆ ಇಳಿಸಿದೆ. ಎಫ್/4 ಜೊತೆ ಸೇರಿ, ಮೊದಲು 12800 ಬೇಕಿದ್ದ ಬೆಳಕಿನಲ್ಲಿ 3200 ಸಾಕಾಯಿತು. ಆ ಗೋಡೆ ಮೇಲಿನ ಫೋಟೋ ಬಂದದ್ದು ಹೀಗೆ. ಈಗ ಇನ್ನೂ ಇಳಿಸುತ್ತೇನೆ. 1/125ರಲ್ಲಿ ಮೂವತ್ತು ಫ್ರೇಮ್ ಹೊಡೆದರೆ ನಾಲ್ಕೈದು ಚೂಪಾಗಿ ಸಿಗುತ್ತವೆ.

ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿಯ ನಡುವೆ ಸೇರಿಸಿ ಹಕ್ಕಿಯನ್ನು ದೊಡ್ಡದಾಗಿಸುವ ಉಪಕರಣ) ಹಾಕಿಯೂ ನೋಡಿದೆ. 1.4x ಹಾಕಿದರೆ 700 ಎಫ್/5.6, ಐಎಸ್‌ಒ ದುಪ್ಪಟ್ಟು. ಆ ಅಂಕಿ ನೋಡಿ ಹೆದರಿದ್ದೆ. ಹಕ್ಕಿಯನ್ನು ಒಂದೇ ಗಾತ್ರಕ್ಕೆ ತಂದಾಗ, ಹಾಕದೆ ತೆಗೆದು ಕ್ರಾಪ್ ಮಾಡಿದ್ದಕ್ಕೂ ಇದಕ್ಕೂ ನಾಯ್ಸ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಳಕಿನ ಬಾಯಿ ಅದೇ 125 ತಾನೇ. ಗರಿಯ ಎಳೆ ಸ್ವಲ್ಪ ಹೆಚ್ಚು ಸಿಕ್ಕಿತು, ಮಬ್ಬಿನಲ್ಲಿ ಫೋಕಸ್ ನಿಧಾನವಾಯಿತು. ಬೆಳಕು ಚೆನ್ನಾಗಿದ್ದರೆ ಮಾತ್ರ ಈಗ ಹಾಕುತ್ತೇನೆ.

ಕೊನೆಗೆ ಬಕದ ಮೇಲೆ ಒಂದು ಪ್ರಯೋಗ. ಅಲ್ಲಾಡದೆ ನಿಲ್ಲುವ ಹಕ್ಕಿ ಅದು. ಟ್ರೈಪಾಡ್ ಮೇಲಿಂದ ಎಂಟು ಫ್ರೇಮ್ ತೆಗೆದು, ಜೋಡಿಸಿ ಸರಾಸರಿ ಮಾಡಿದೆ. ಎಂಟರ ವರ್ಗಮೂಲ 2.8, ನಾಯ್ಸ್ ಮೂರನೇ ಒಂದರ ಹತ್ತಿರಕ್ಕೆ ಇಳಿಯಬೇಕು. ಹಿನ್ನೆಲೆಯಲ್ಲಿ ಇಳಿಯಿತು, ಕೊಕ್ಕು ಮತ್ತು ತಲೆಯಲ್ಲೂ ಇಳಿಯಿತು. ಎದೆಯ ಉದ್ದನೆಯ ಗರಿಗಳು ಗಾಳಿಗೆ ಆಡಿ ಹತ್ತಿಯಂತಾದವು. ಎದೆಯ ಭಾಗಕ್ಕೆ ಒಂದೇ ಫ್ರೇಮ್, ಉಳಿದದ್ದಕ್ಕೆ ಎಂಟು ಅಂತ ಮಾಸ್ಕ್ ಮಾಡಿ ಕೂಡಿಸಿದ್ದೇನೆ. ಎರಡೂ ಸೇರುವ ಗೆರೆ ಇನ್ನೂ ಕಣ್ಣಿಗೆ ಬೀಳುತ್ತಿದೆ. ಗಾಳಿಯಿಲ್ಲದ ಬೆಳಗ್ಗೆಗೆ ಕಾಯುತ್ತಿದ್ದೇನೆ.