ಬಟವಾಡೆಯ ಸಂಜೆ ಎಲ್ಲಿಗೆ ಹೋಗಬೇಕು: ಕೊಡಗಿನಲ್ಲಿ ಕುಡಿತ ಬಿಟ್ಟವರ ಸಭೆ ಹುಡುಕುವವರಿಗೆ

ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಹಣ್ಣು ತೂಗಿಸುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. 14 ವರ್ಷ ಬಟವಾಡೆಯ ಪುಸ್ತಕ ಮುಚ್ಚಿದವನೇ ಬಾರಿಗೆ ನಡೆಯುತ್ತಿದ್ದೆ. ಈಗ ಆರು ವರ್ಷಗಳಿಂದ ಕುಡಿದಿಲ್ಲ. ಕುಡಿತ ಬಿಟ್ಟವರು ಸೇರುವ ಸಭೆ ಎಲ್ಲಿದೆ ಎಂದು ತೋಟದ ಕೆಲಸಗಾರರ ಲೈನ್ ಮನೆಗಳಿಂದಲೂ ಮಾಲೀಕರ ಮನೆಗಳಿಂದಲೂ ಜನ ನನ್ನನ್ನು ಗುಟ್ಟಾಗಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಭೆಗಿಂತ ಮೊದಲು ವೈದ್ಯರನ್ನು ಕಾಣಿ. ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಇಳಿದರೆ ಮಾತ್ರ ನಿಲ್ಲುವ ಹಂತಕ್ಕೆ ಬಂದವರು ಮನೆಯಲ್ಲೇ ಹಟ ಹಿಡಿದು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಕೆಲವರಿಗೆ ಬುದ್ಧಿ ಕಲಕಿ ಇಲ್ಲದ್ದು ಕಾಣುತ್ತದೆ, ಜೀವಕ್ಕೇ ಅಪಾಯವಾಗುತ್ತದೆ. ಮೂರನೆಯ ರಾತ್ರಿ ನಾನು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಟವೆಲಿನಿಂದ ಒರೆಸುತ್ತಿದ್ದೆನಂತೆ. ಹೆಂಡತಿ ಜೀಪು ಕರೆಸಿದ್ದರಿಂದ ಉಳಿದೆ. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯೇ ನಮ್ಮ ಜಿಲ್ಲಾ ಆಸ್ಪತ್ರೆ. ಅಲ್ಲಿ ಮನೋವೈದ್ಯರನ್ನು ಕಂಡು ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ರಾತ್ರಿ ಹೊತ್ತು ಕೆಟ್ಟರೆ 108. ಇನ್ನೊಂದು ಮಾತು ಮನೆಯವರಿಗೆ: ಗೊತ್ತಾಗದಂತೆ ಸಾರಿಗೆ ಬೆರೆಸಿ ಎಂದು ಯಾರಾದರೂ ಪುಡಿ ಕೊಟ್ಟರೆ ದಯವಿಟ್ಟು ಬೆರೆಸಬೇಡಿ. ಅದರಲ್ಲಿ ಏನಿದೆಯೋ, ಮೇಲೆ ಕುಡಿದರೆ ಎದೆ ಏನಾಗುತ್ತದೋ ಹೇಳಲಾಗದು.

ಸಭೆಯ ವಿಳಾಸ ಕೇಳಲು ದಾರಿಗಳು ಹಲವು. ವ್ಯಸನಮುಕ್ತಿಗೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಮನಸ್ಸಿನ ಕಷ್ಟಗಳಿಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತನಾಡಬಹುದು. ಎರಡಕ್ಕೂ ಹಣವಿಲ್ಲ. ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ ಕೇಳಿ. ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎಎ ಎನ್ನುತ್ತೇವೆ, ಅದರ ಭಾರತದ ಕಚೇರಿ ಮುಂಬಯಿಯಲ್ಲಿದೆ. ಅವರ ಜಾಲತಾಣದಲ್ಲೂ ವಿಚಾರಿಸಬಹುದು. ಆದರೆ ವಿಳಾಸ ಸಿಕ್ಕಿತೆಂದು ಬಸ್ ಹತ್ತಬೇಡಿ. ನಾನು ಹಾಗೆ ಹತ್ತಿ, ಬೀಗ ಹಾಕಿದ ಬಾಗಿಲಿನ ಮುಂದೆ ಮಳೆಯಲ್ಲಿ ನಿಂತೆ. ಸಭೆಯ ದಿನ ಬದಲಾಗಿತ್ತು. ಎದುರಿಗೇ ವೈನ್ ಶಾಪ್ ತೆರೆದಿತ್ತು. ಅಂದು ಏನಾಯಿತೆಂದು ನೀವೇ ಊಹಿಸಬಹುದು. ಮೊದಲು ಫೋನ್ ಮಾಡಿ, ವಾರ, ಹೊತ್ತು, ಭಾಷೆ ಕೇಳಿ. ಮುಖ್ಯವಾಗಿ, 'ಬಾಗಿಲಲ್ಲಿ ನನಗಾಗಿ ಯಾರಾದರೂ ನಿಂತಿರುತ್ತೀರಾ' ಎಂದು ಕೇಳಿ. ನಿಲ್ಲುತ್ತಾರೆ.

ನಮ್ಮ ಕಡೆ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರದಿಂದ ಹೊರಬಂದವರು ಒಟ್ಟಿಗೆ ಕೂಡಲು ನವಜೀವನ ಸಮಿತಿಗಳಿವೆ. ಇದರ ಸುದ್ದಿ ಇಂಟರ್‌ನೆಟ್ಟಿಗಿಂತ ಚೆನ್ನಾಗಿ ಗೊತ್ತಿರುವುದು ಸ್ವಸಹಾಯ ಸಂಘದ ಹೆಂಗಸರಿಗೆ. ನಾಚಿಕೆ ಬಿಟ್ಟು ನಿಮ್ಮ ಲೈನಿನ ಸಂಘದವರನ್ನೇ ಕೇಳಿ.

ಎರಡು ಮೂರು ಸಭೆಗಳ ಸುಳಿವು ಸಿಕ್ಕರೆ ಹತ್ತಿರದ್ದನ್ನೇ ಆರಿಸಬೇಕೆಂದಿಲ್ಲ. ನಿಮ್ಮ ಕೆಟ್ಟ ಹೊತ್ತು ಯಾವುದೆಂದು ನೋಡಿಕೊಳ್ಳಿ. ನನ್ನದು ಶನಿವಾರ ಐದೂವರೆಯಿಂದ ಎಂಟು. ಮಡಿಕೇರಿ ಸಂತೆಗೆ ಹೋಗುವವರಿಗೆ ಅದು ಶುಕ್ರವಾರ ಇರಬಹುದು. ಆ ಹೊತ್ತಿಗೋ ಅದರ ಮರುದಿನಕ್ಕೋ ಹೊಂದುವ ಸಭೆ, ಜೊತೆಗೆ ಮನೆಗೆ ಮರಳಲು ಕೊನೆಯ ಬಸ್ಸು, ಇವೆರಡು ಸೇರಿದರೆ ಸಾಕು. ನಾನು ಮೊದಲ ಒಂದು ವರ್ಷ ಭಾನುವಾರಗಳಂದು ಮೈಸೂರಿಗೆ ಹೋದೆ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ದೂರದ ಊರಾದ್ದರಿಂದ ಗುರುತಿನವರ ಭಯವಿರಲಿಲ್ಲ. ಸುಂಟಿಕೊಪ್ಪದಲ್ಲಿ ಕೆಮ್ಮಿದರೆ ಕುಶಾಲನಗರಕ್ಕೆ ಕೇಳುತ್ತದೆ ಎಂಬ ಅಂಜಿಕೆ ನಮ್ಮವರನ್ನು ಎಷ್ಟು ಕಟ್ಟಿಹಾಕುತ್ತದೆಂದು ನನಗೆ ಗೊತ್ತು.

ಒಳಗೆ ಏನು ನಡೆಯುತ್ತದೆ? ಮೊದಲ ದಿನ ಕಬ್ಬಿಣದ ಕುರ್ಚಿಗಳಲ್ಲಿ ಹನ್ನೊಂದು ಜನ ಕುಳಿತಿದ್ದರು. ಚಹಾ ಕೊಡುತ್ತಿದ್ದ ಹಿರಿಯರು ಎಲ್ಲರ ಲೋಟವನ್ನೂ ತುಂಬಿದರು, ನನ್ನದಕ್ಕೆ ಮಾತ್ರ ಅರ್ಧ ಸುರಿದರು. ಹೊಸಬನೆಂದು ಹೀಗೆಯೇ ಎಂದು ಮನಸ್ಸು ಮುದುಡಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಾಗ ತಿಳಿಯಿತು: ನನ್ನ ಕೈ ನಡುಗುವುದನ್ನು ಅವರು ಕಂಡಿದ್ದರು, ಚಹಾ ಅಂಚಿನವರೆಗೆ ಬಂದು ಹಿಂದೆ ಸರಿಯಿತು, ಚೆಲ್ಲಲಿಲ್ಲ. ಕುಡಿದ ಮೇಲೆ ಉಳಿದರ್ಧ ತಂದು ಸುರಿದರು. ಆ ಅರ್ಧ ಲೋಟದಿಂದಲೇ ಮುಂದಿನ ವಾರವೂ ಹೋದೆ.

ಅಲ್ಲಿ ಹಾಜರಿ ಇಲ್ಲ, ಶುಲ್ಕವಿಲ್ಲ. ಡಬ್ಬಿ ಬಂದರೆ ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ಕಳಿಸುತ್ತಾರೆ. ಕುಡಿತ ನಿಲ್ಲಿಸುವ ಆಸೆಯೊಂದಿದ್ದರೆ ಸದಸ್ಯರಾದಂತೆ. ಹೆಸರು ಪೂರ್ತಿ ಹೇಳಬೇಕಿಲ್ಲ, ಮಾತನಾಡಲೇಬೇಕೆಂದೂ ಇಲ್ಲ. ಕ್ಲೋಸ್ಡ್ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ, ಓಪನ್ ಸಭೆಗೆ ಮನೆಯವರೂ ಬರಬಹುದು. ಮನೆಯವರಿಗೆಂದೇ ಅಲ್-ಅನಾನ್ ಇದೆ. ಹೊರಡುವ ಮುನ್ನ ಒಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಇದನ್ನು ಮರೆತರೆ ಅರ್ಧ ಸಭೆ ಬಿಟ್ಟು ಬಂದಂತೆ.

ಸುತ್ತಮುತ್ತ ಸಭೆಯೇ ಇಲ್ಲವೇ? ಆನ್‌ಲೈನ್ ಸಭೆಗಳಿವೆ, ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿಕೊಳ್ಳಿ. ಎಎ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಹುಟ್ಟಿದ್ದೂ ಇಬ್ಬರಿಂದ, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯ. ಈಗಲೂ ಇಬ್ಬರು ಮೂವರು ಸೇರಿದರೆ ಗುಂಪೆನಿಸಿಕೊಳ್ಳಬಹುದು. ನಾನೂ ಇನ್ನೊಬ್ಬರೂ ಭಾನುವಾರ ಸಂಜೆ ಹೀಗೆಯೇ ಕೂರುತ್ತೇವೆ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ, ವರ್ಷದ ಕೊನೆಯ ಸುಗ್ಗಿ ಹಬ್ಬ ಪುತ್ತರಿ, ಮದುವೆಗಳು, ನಮ್ಮ ನಾಡಿನಲ್ಲಿ ಗ್ಲಾಸು ಕೈಗೆ ಬರುವುದು ಪ್ರೀತಿಯಿಂದಲೇ. ಅಂಥ ಮನೆಗೆ ಹೋಗುವ ಮುಂಚೆ ಒಂದು ಫೋನ್, ಬಂದ ಮೇಲೆ ಒಂದು ಫೋನ್ ಮಾಡಿ. ಆಷಾಢದ ಮಳೆಗೆ ಕರೆಂಟು ಹೋಗಿ ಮೊಬೈಲ್ ಸತ್ತರೆ ನಂಬರ್ ಅದರೊಳಗೇ ಉಳಿದುಬಿಡುತ್ತದೆ. ಆದ್ದರಿಂದ ಕಾಗದದ ಮೇಲೆ ಬರೆದಿಡಿ. ನಾನು ಮೈಸೂರಿನ ಆ ಹಿರಿಯರ ನಂಬರನ್ನು ಬಟವಾಡೆ ಪುಸ್ತಕದ ರಟ್ಟಿನ ಒಳಗೆ ಬರೆದಿದ್ದೇನೆ. ಶನಿವಾರ ಪುಸ್ತಕ ಮುಚ್ಚುವಾಗ ಕಣ್ಣಿಗೆ ಬೀಳುವುದು ಅದೇ.